ಸೂಲಗಿತ್ತಿ ಬರೆದ ಸಾಲು

ಓದು ಕಲಿತದ್ದೇ ತಪ್ಪಾಯಿತು ಎಂದು ಸಣ್ಣಕ್ಕನಿಗೆ ಅನ್ನಿಸಿದ್ದು ಸೋಮವಾರ ಬೆಳಗ್ಗೆ, ಪುಸ್ತಕದ ಪೆಟ್ಟಿಗೆ ಕೇರಿ ಬಿಟ್ಟು ಊರೊಳಕ್ಕೆ ಹೊರಟಾಗ. ಅವಳು ಗುಡಿಸಲ ಮುಂದೆ ಕೂತು ರಾಗಿ ಕೇರುತ್ತಿದ್ದಳು. ಮೇಷ್ಟ್ರು ಗೌರೀಶಂಕರ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದಕ್ಕೆ ಹಗ್ಗ ಹಾಕಿ ಬಿಗಿದು, "ಸಣ್ಣಕ್ಕ, ಇನ್ನು ಹದಿನೈದು ದಿನ ಇದು ಕೆಂಪಣ್ಣೋರ ಜಗಲಿ ಮೇಲಿರುತ್ತೆ. ಆಮೇಲೆ ಹೊಳೆನರಸೀಪುರದ ಕಡೆಗೆ" ಎಂದು ನಗುನಗುತ್ತ ಹೇಳಿ ಪೆಡಲು ತುಳಿದರು. ಸಣ್ಣಕ್ಕನ ಕೈಲಿದ್ದ ಮೊರ ಹಾಗೇ ನಿಂತಿತು. ಗೌಡರ ಕೆಂಪಣ್ಣನ ಮನೆಯ ಸೊಸೆ ನಂಜಮ್ಮ ಓದು ಬಲ್ಲವಳು. ಆ ಪೆಟ್ಟಿಗೆಯೊಳಗಿನ ಒಂದು ಪುಸ್ತಕದ ಕೊನೇ ಹಾಳೆಯಲ್ಲಿ ಸಣ್ಣಕ್ಕ ತನ್ನ ಕೈಯಾರೆ ಬರೆದಿದ್ದದ್ದು ಆ ನಂಜಮ್ಮನ ವಿಷಯವನ್ನೇ.

"ಮೇಷ್ಟ್ರೇ, ಒಸಿ ನಿಂತ್ಕಳಿ" ಎಂದು ಕೂಗಬೇಕೆಂದುಕೊಂಡಳು. ಅಷ್ಟರಲ್ಲಿ ಸೈಕಲ್ಲು ಕಾಲುವೆಯ ಚಪ್ಪಡಿ ದಾಟಿ ಹುಣಿಸೆಮರದ ಆಚೆ ಮರೆಯಾಯಿತು.

ಮಾರನಕೊಪ್ಪಲು ಕಟ್ಟಾಯದಿಂದ ಎರಡು ಮೈಲಿ. ಊರಿಗೂ ಕೇರಿಗೂ ನಡುವೆ ಒಂದು ಕಾಲುವೆ, ಕಾಲುವೆಗೆ ಒಂದು ಕಲ್ಲುಚಪ್ಪಡಿ. ಆ ಚಪ್ಪಡಿ ದಾಟಿ ಗೌಡರ ಮನೆಗಳ ಹೊಸ್ತಿಲೊಳಕ್ಕೆ ಹೋಗಬಲ್ಲ ಕೇರಿಯ ಜೀವ ಎಂದರೆ ಸಣ್ಣಕ್ಕ ಒಬ್ಬಳೇ, ಅದೂ ಹೆರಿಗೆ ನೋವು ಶುರುವಾದಾಗ ಮಾತ್ರ. ಕೂಸು ಭೂಮಿಗೆ ಬಿದ್ದಾಗ ಮೊದಲು ಮುಟ್ಟುವ ಕೈ ಅವಳದು. ಅದೇ ಕೂಸು ನಾಲ್ಕು ವರ್ಷದ್ದಾಗಿ ಬೀದಿಯಲ್ಲಿ ಅವಳ ಸೆರಗು ಹಿಡಿದರೆ ಎಳೆದುಕೊಂಡು ಹೋಗಿ ತಲೆ ಮೇಲೆ ನೀರು ಸುರಿಯುತ್ತಿದ್ದರು. ಇದರಲ್ಲಿ ವಿಚಿತ್ರವೇನಾದರೂ ಇದೆ ಎಂದು ಊರಿಗೆ ಅನ್ನಿಸಿರಲಿಲ್ಲ. ನಿಜ ಹೇಳಬೇಕೆಂದರೆ ಸಣ್ಣಕ್ಕನಿಗೂ ಅನ್ನಿಸಿರಲಿಲ್ಲ.

ಅವಳಿಗೆ ಅವಳ ಕೈಗುಣದ ಮೇಲೆ ಅಷ್ಟು ಹೆಮ್ಮೆ. ಅಡ್ಡ ತಿರುಗಿದ ಕೂಸನ್ನು ಎಣ್ಣೆ ಸವರಿ ನೆಟ್ಟಗೆ ಮಾಡಿದ್ದಳು, ಉಸಿರಿಲ್ಲದೆ ನೀಲಿಗಟ್ಟಿ ಬಂದದ್ದನ್ನು ಬೆನ್ನು ತಟ್ಟಿ ಅಳಿಸಿದ್ದಳು. ಅತ್ತೆ ಸಾಯುವಾಗ ಕೊಟ್ಟ ಒಂದು ಪುಟ್ಟ ಕುಡುಗೋಲಿತ್ತು. ಹೊಕ್ಕುಳಬಳ್ಳಿ ಕುಯ್ಯುವುದಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಅದನ್ನು ಬಳಸುವಂತಿಲ್ಲ, ಮತ್ತು ತೊಳೆಯುವಂತಿಲ್ಲ. ತೊಳೆದರೆ ಕೈಗುಣ ನೀರಲ್ಲಿ ಹೋಗುತ್ತದೆ ಎಂದು ಅತ್ತೆ ಆಣೆ ಇಡಿಸಿದ್ದಳು. ಬಳ್ಳಿ ಕುಯ್ದು, ಬೆರಣಿ ಬೂದಿ ಮೆತ್ತಿ, ಕುಡುಗೋಲನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಸೂರಿಗೆ ತೂರಿಸಿದರೆ ಮುಗಿಯಿತು. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು.

ಹಾಗಿದ್ದವಳು ಐವತ್ತು ದಾಟಿದ ಮೇಲೆ ಸ್ಲೇಟು ಹಿಡಿದದ್ದು ಬಸ್ಸಿನ ದೆಸೆಯಿಂದ. ಸಾವಿರದ ಒಂಬೈನೂರ ಐವತ್ತಾರರಲ್ಲಿ ಒಮ್ಮೆ ಸಾಲಗಾಮೆಯ ತಂಗಿ ಮನೆಗೆಂದು ಹೊರಟು, ಬೋರ್ಡು ಓದಲಾಗದೆ ತಪ್ಪು ಬಸ್ಸು ಹತ್ತಿ ಅರಕಲಗೂಡಿನಲ್ಲಿ ಇಳಿದಿದ್ದಳು. ಆ ಊರಿನ ಸಂತೆಯಲ್ಲಿ ಒಬ್ಬಳೇ ನಿಂತು ಅತ್ತದ್ದನ್ನು ಮಗಳು ಮುದ್ದಮ್ಮ ಇಡೀ ಕೇರಿಗೆ ಹೇಳಿ ನಗಿಸಿದ್ದಳು. ಅದೇ ವರ್ಷ ಗೌರೀಶಂಕರ ಮೇಷ್ಟ್ರು ಮಾರಮ್ಮನ ಗುಡಿ ಮುಂದೆ ಸಂಜೆ ಹೊತ್ತು ದೊಡ್ಡವರ ಶಾಲೆ ಶುರುಮಾಡಿದರು. ಸಣ್ಣಕ್ಕ ಮೊದಲ ಸಾಲಿನಲ್ಲೇ ಹೋಗಿ ಕೂತಳು.

ಕಲಿತವರಿಗೆಂದು ಹಾಸನದಿಂದ ಒಂದು ಪೆಟ್ಟಿಗೆ ಬರುತ್ತಿತ್ತು. ಅದರಲ್ಲಿ ದಪ್ಪಕ್ಷರದ ಮೂವತ್ತು ಪುಸ್ತಕ. ಪೆಟ್ಟಿಗೆ ಊರೂರು ಸುತ್ತುತ್ತಿತ್ತು. ಪ್ರತಿ ಪುಸ್ತಕದ ಹಿಂದೆ ಗೆರೆ ಹೊಡೆದ ಒಂದು ಹಾಳೆ ಅಂಟಿಸಿ ಮೂರು ಮನೆ ಮಾಡಿದ್ದರು: ಓದಿದವರ ಹೆಸರು, ಊರು, ಓದಿ ಅನ್ನಿಸಿದ್ದು. ಎಲ್ಲರೂ ಮೂರನೇ ಮನೆಯಲ್ಲಿ 'ಚೆನ್ನಾಗಿದೆ' ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಪಕ್ಕದ ಗುಡಿಸಲ ತಮ್ಮಯ್ಯ ಚಿತ್ರ ಬಿಟ್ಟು ಒಂದಕ್ಷರ ಓದದೆ 'ಬಹಳ ಚೆನ್ನಾಗಿದೆ' ಎಂದು ಬರೆದಿದ್ದ. ಸಣ್ಣಕ್ಕನಿಗೆ ಅದು ಸರಿಬರಲಿಲ್ಲ. ಶಾಲೆಯ ಮೊದಲ ದಿನ ಮೇಷ್ಟ್ರು ತಮಾಷೆಗೆ, "ಅಕ್ಷರ ಅಂದ್ರೆ ಸರಸ್ವತಿ. ಬರೆಯೋವಾಗ ಸುಳ್ಳು ಬರೆದರೆ ಕೈ ಸೇದಿಹೋಗುತ್ತೆ" ಎಂದಿದ್ದರು. ಮಿಕ್ಕವರು ನಕ್ಕು ಮರೆತರು. ಸಣ್ಣಕ್ಕ ನಂಬಿದಳು. ಕೈಯೇ ಬದುಕಾದವಳು ನಂಬದೆ ಇರುತ್ತಾಳೆಯೇ?

ಅವಳು ಆರಿಸಿಕೊಂಡ ಪುಸ್ತಕದ ರಟ್ಟಿನ ಮೇಲೆ ತಾಯಿ ಮಗುವಿನ ಚಿತ್ರವಿತ್ತು. ಯಾರೋ ಡಾಕ್ಟರಮ್ಮ ಬರೆದದ್ದು, ನಲವತ್ತು ಪುಟ. ಬೆರಳಿಟ್ಟುಕೊಂಡು ಓದಲು ಹನ್ನೊಂದು ದಿನ ಹಿಡಿಯಿತು. ಮೊದಮೊದಲು, 'ಇದೆಲ್ಲ ನಂಗೊತ್ತಿಲ್ವಾ' ಎಂದು ಮೂಗು ಮುರಿಯುತ್ತ ಓದಿದಳು. ಇಪ್ಪತ್ತಾರನೇ ಪುಟದಲ್ಲಿ ಬೆರಳು ನಿಂತಿತು. ಬಳ್ಳಿ ಕುಯ್ಯುವ ಕತ್ತಿಯನ್ನು ನೀರಿನಲ್ಲಿ ಚೆನ್ನಾಗಿ ಕುದಿಸಬೇಕು. ಹೊಕ್ಕುಳಿಗೆ ಸಗಣಿ, ಬೂದಿ, ಮಣ್ಣು ಸೋಕಬಾರದು. ಸೋಕಿದರೆ ಕೆಲವು ಕೂಸುಗಳಿಗೆ ಹತ್ತು ದಿನದೊಳಗೆ ದವಡೆ ಕಚ್ಚಿಕೊಳ್ಳುತ್ತದೆ, ಮೊಲೆ ಹಿಡಿಯಲಾಗುವುದಿಲ್ಲ, ಮೈ ಬಿಲ್ಲಿನ ಹಾಗೆ ಬಾಗುತ್ತದೆ. ಇದು ಗ್ರಹವಲ್ಲ, ಗಾಳಿಯಲ್ಲ, ತಾಯಿಯ ದೋಷವೂ ಅಲ್ಲ.

ಸಣ್ಣಕ್ಕನಿಗೆ ಮೊದಲು ಬಂದದ್ದು ಸಿಟ್ಟು. 'ಯಾವಳೋ ಇವಳು? ಎಷ್ಟು ಕೂಸು ಎತ್ತವಳೆ?' ಎಂದು ಪುಸ್ತಕ ಮಡಿಚಿಟ್ಟು ಎರಡು ದಿನ ಮುಟ್ಟಲಿಲ್ಲ. ಆದರೆ ಓದಿದ್ದನ್ನು ಓದಿಲ್ಲ ಎನ್ನುವುದು ಹೇಗೆ? ದವಡೆ ಕಚ್ಚಿಕೊಂಡ ಕೂಸುಗಳನ್ನು ಅವಳು ನೋಡಿದ್ದಳು. ಊರು ಅದನ್ನು ಬಾಲಗ್ರಹ ಎನ್ನುತ್ತಿತ್ತು, ಅವಳೂ ಹಾಗೇ ಅನ್ನುತ್ತಿದ್ದಳು. ಒಂದು ಮಾತ್ರ ಅವಳಿಗೆ ಎಂದೂ ಬಗೆಹರಿದಿರಲಿಲ್ಲ. ಗ್ರಹಕ್ಕೆ ದನಕರು ತುಂಬಿದ ದೊಡ್ಡ ಮನೆಗಳೇ ಏಕೆ ಬೇಕು? ದೊಡ್ಡ ಮನೆಗಳಲ್ಲಿ ಬಾಣಂತಿಯನ್ನು ಕೊಟ್ಟಿಗೆಯ ಮೂಲೆಯಲ್ಲಿ ಮಲಗಿಸುತ್ತಿದ್ದರು. ನಂಜಮ್ಮನ ಮೂರು ಕೂಸೂ ಕೆಂಪಣ್ಣನ ಕೊಟ್ಟಿಗೆಯಲ್ಲೇ ಹುಟ್ಟಿ, ಏಳೆಂಟು ದಿನಕ್ಕೆ ಬಿಲ್ಲಾಗಿ ಹೋಗಿದ್ದವು.

ಎರಡನೆಯದು ಹುಟ್ಟಿದ ಮಾರನೇ ದಿನ ಮುದ್ದಮ್ಮನಿಗೂ ನೋವು ಬಂದಿತ್ತು. ಸಣ್ಣಕ್ಕ ಗೌಡರ ಮನೆಯಿಂದ ತಂದಿದ್ದ ಕುಡುಗೋಲಿನಲ್ಲೇ ಮೊಮ್ಮಗನ ಬಳ್ಳಿ ಕುಯ್ದಿದ್ದಳು. ಒಂದೇ ವಾರದಲ್ಲಿ ಎರಡೂ ಸತ್ತವು. ಗ್ರಹ ಊರಿಂದ ಕೇರಿಗೆ ನೆಗೆಯಿತು ಎಂದು ಜನ ಮಾತಾಡಿಕೊಂಡರು. ಗ್ರಹ ನೆಗೆಯಲಿಲ್ಲ, ತನ್ನ ಸೊಂಟದಲ್ಲಿ ಕೂತು ಬಂತು ಎಂದು ಸಣ್ಣಕ್ಕನಿಗೆ ಈಗ ತಿಳಿಯಿತು. ತಿಳಿದ ಮೇಲೆ ಕೈ ನೋಡಿಕೊಳ್ಳಲು ಹೆದರಿಕೆಯಾಯಿತು.

ಭಾನುವಾರ ಸಂಜೆ ಪುಸ್ತಕ ಹಿಂದಿರುಗಿಸುವಾಗ ಮೇಷ್ಟ್ರು ಮಾಮೂಲಿನಂತೆ, "ಏನನ್ನಿಸ್ತೋ ಬರೀರಿ" ಎಂದು ಪೆನ್ಸಿಲ್ಲು ಕೊಟ್ಟರು. ಸಣ್ಣಕ್ಕ ಗುಡಿಯ ಕಟ್ಟೆಗೆ ಬೆನ್ನು ಕೊಟ್ಟು ಬರೆದಳು. ಮೂರನೇ ಮನೆ ಸಾಲದೆ ಹಾಳೆಯ ಅಂಚಿನವರೆಗೂ ಹೋಯಿತು. ಮೇಷ್ಟ್ರಿಗೆ ಕತ್ತಲಾಗುವ ಮೊದಲು ಕಟ್ಟಾಯ ಸೇರುವ ಅವಸರ. ಅವರು ನೋಡದೆ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಎದೆಯ ಮೇಲಿನ ಕಲ್ಲು ಇಳಿಸಿದಂತಾಗಿ ಸಣ್ಣಕ್ಕ ಅವತ್ತು ಚೆನ್ನಾಗಿ ಮಲಗಿದಳು. ಬರೆದದ್ದನ್ನು ಇನ್ನೊಬ್ಬರು ಓದುತ್ತಾರೆ ಎಂಬುದು ಅವಳ ತಲೆಗೆ ಹೊಳೆದೇ ಇರಲಿಲ್ಲ. ಸರಸ್ವತಿಗೆ ಹೇಳಿದ್ದು ಸರಸ್ವತಿಯ ಹತ್ತಿರವೇ ಇರುತ್ತದೆ ಎಂದುಕೊಂಡಿದ್ದಳು.

ಸೋಮವಾರ ಇಡೀ ದಿನ ಅವಳ ಕಣ್ಣು ಚಪ್ಪಡಿಯ ಮೇಲೆ. ಊರ ಕಡೆಯಿಂದ ಯಾರು ಬಂದರೂ ತನ್ನನ್ನು ಎಳೆದೊಯ್ಯಲೇ ಬಂದರು ಎನ್ನಿಸಿ ಗುಡಿಸಲೊಳಕ್ಕೆ ಸರಿಯುತ್ತಿದ್ದಳು. ಅವರ ಗುಡಿಸಲಿದ್ದ ಜಾಗ ಕೆಂಪಣ್ಣನದು. ಅಳಿಯ ಬೋರಪ್ಪ ಅದೇ ಮನೆಯ ಆಳು. ಗೌಡರ ಮನೆಯ ಮೂರು ಕೂಸು ತನ್ನಿಂದ ಸತ್ತವು ಎಂದು ಗೌಡರ ಜಗಲಿಗೇ ಬರೆದು ಕಳಿಸಿದವಳಿಗೆ ಏನು ಕಾದಿರುತ್ತದೆ ಎಂದು ಹೇಳಲು ಪುಸ್ತಕ ಬೇಕಾಗಿರಲಿಲ್ಲ.

ಮಂಗಳವಾರ ತಡೆಯಲಾರದೆ ಮಗಳಿಗೆ ಹೇಳಿದಳು. ನಂಜಮ್ಮನದನ್ನು ಹೇಳಿದಳೇ ಹೊರತು ಮೊಮ್ಮಗನ ಮಾತು ನಾಲಗೆಯ ತುದಿಗೆ ಬಂದು ಹಿಂದಕ್ಕೆ ಹೋಯಿತು. ಹಾಳೆಯ ಮೇಲೆ ಅದೂ ಇತ್ತು. ಮುದ್ದಮ್ಮನಿಗೆ ಓದು ಬಾರದು.

"ಅಯ್ಯೋ ನಿನ್ ಮನೆ ಕಾಯ್ವಾಗ! ನಿಂಗೇನ್ ದೆವ್ವ ಬಡ್ಕಂಡಿತ್ತವ್ವ?" ಎಂದು ಮುದ್ದಮ್ಮ ತಲೆ ಚಚ್ಚಿಕೊಂಡಳು. "ಓಗಿ ಆ ಆಳೆ ಅರಿದಾಕ್ಬುಟ್ಟು ಬಾ. ನಾನೂ ಬತ್ತೀನಿ ನಡಿ."

"ನಂಜವ್ವ ಓದ್ಬುಟ್ಟಿದ್ರೆ?"

"ಓದಿದ್ರೆ ಇಷ್ಟೊತ್ಗೆ ಗುಡ್ಲು ಉಳೀತಿತ್ತಾ?"

ಆ ಸಂಜೆ ಬೋರಪ್ಪ ಇನ್ನೊಂದು ಸುದ್ದಿ ತಂದ. ನಂಜಮ್ಮನಿಗೆ ದಿನ ತುಂಬಿತ್ತು. ಈ ಸಲ ಹೆರಿಗೆ ಇಲ್ಲಲ್ಲ, ಚನ್ನರಾಯಪಟ್ಟಣದ ಹತ್ತಿರದ ತವರಿನಲ್ಲಿ ಎಂದು ಅತ್ತೆ ಪುಟ್ಟತಾಯಮ್ಮ ಪಟ್ಟು ಹಿಡಿದಿದ್ದಳಂತೆ. ಗುರುವಾರ ಬೆಳಗ್ಗೆ ಗಾಡಿ. ಇದೂ ಉಳಿಯದಿದ್ದರೆ ಮಗ ಪುಟ್ಟಸ್ವಾಮಿಗೆ ಅರಕಲಗೂಡಿನ ಕಡೆಯ ಹೊಗೆಸೊಪ್ಪಿನ ಸಾಹುಕಾರರ ಮಗಳನ್ನು ತರುವುದೆಂದು ಮಾತಾಗಿತ್ತು. ಈಗ ಎರಡನೇ ಮದುವೆಗೆ ಕಾನೂನು ಬಿಡುವುದಿಲ್ಲ ಎಂದು ಯಾರೋ ಅಂದದ್ದಕ್ಕೆ ಕೆಂಪಣ್ಣ, "ಕಾನೂನು ಆಸನ್ದಲ್ಲೈತೆ, ನಾವಿರಾದು ಕೊಪ್ಪಲಲ್ಲಿ" ಎಂದನಂತೆ.

ಸಣ್ಣಕ್ಕ ಉಣ್ಣುತ್ತಿದ್ದ ಮುದ್ದೆ ಬಿಟ್ಟು ಕೈ ತೊಳೆದಳು. ಅಲ್ಲಿಯವರೆಗೆ ಒಂದು ಸಮಾಧಾನ ಒಳಗೇ ಇಟ್ಟುಕೊಂಡಿದ್ದಳು: ಹಾಳೆ ಹರಿದರೂ ಏನಂತೆ, ನಂಜಮ್ಮನ ಹೆರಿಗೆಗೆ ಕರೆಯುವುದು ತನ್ನನ್ನೇ, ಯಾರಿಗೂ ಹೇಳದೆ ಕುಡುಗೋಲು ಕುದಿಸಿ ಒಯ್ದರಾಯಿತು, ಕೂಸು ಉಳಿಯುತ್ತದೆ, ಹಳೆಯದು ಮಣ್ಣಲ್ಲಿ ಮಣ್ಣಾಗುತ್ತದೆ. ಈಗ ಆ ದಾರಿಯೂ ಮುಚ್ಚಿತು. ತವರಿನ ಊರಲ್ಲಿ ಇನ್ನೊಬ್ಬ ಸೂಲಗಿತ್ತಿ ಇರುತ್ತಾಳೆ, ಅವಳಿಗೂ ಒಬ್ಬ ಅತ್ತೆ ಇದ್ದಿರುತ್ತಾಳೆ, ಅವಳ ಸೂರಿನಲ್ಲೂ ತೊಳೆಯದ ಒಂದು ಕುಡುಗೋಲಿರುತ್ತದೆ.

ಬುಧವಾರ ಹೊತ್ತು ಏರುವ ಮೊದಲೇ ತಾಯಿ ಮಗಳು ಚಪ್ಪಡಿ ದಾಟಿದರು. ಸಣ್ಣಕ್ಕನ ಮನಸ್ಸಿನಲ್ಲಿದ್ದದ್ದು ಎರಡು ಕೆಲಸ. ಹಾಳೆ ಹರಿಯುವುದು, ಮತ್ತು ಹೇಗಾದರೂ ಮಾಡಿ ಕುದಿಸುವ ಮಾತನ್ನು ನಂಜಮ್ಮನ ಕಿವಿಗೆ ಹಾಕುವುದು. ಎರಡೂ ಒಟ್ಟಿಗೆ ಆಗುತ್ತವೆ ಎಂದೇ ಅವಳು ದಾರಿಯುದ್ದಕ್ಕೂ ತನಗೆ ತಾನು ಹೇಳಿಕೊಂಡಳು.

ಪುಟ್ಟತಾಯಮ್ಮ ಜಗಲಿಯ ಕಂಬಕ್ಕೊರಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿ ಪೆಟ್ಟಿಗೆ. ಕೇರಿಯಿಂದ ಬಂದದ್ದಲ್ಲವೇ, ಅದಕ್ಕೆ ಗಂಜಲ ಚಿಮುಕಿಸಿ ಮೇಲಿಟ್ಟುಕೊಂಡಿದ್ದಳು. ವಿದ್ಯೆಗೂ ಮಡಿ ಮಾಡಿಸಿದ ಪುಣ್ಯಾತಗಿತ್ತಿ. ಅಂಗಳದಲ್ಲಿ ಪುಟ್ಟಸ್ವಾಮಿ ನಾಳೆಯ ಪ್ರಯಾಣಕ್ಕೆ ಗಾಡಿಯ ಕೀಲಿಗೆ ಎಣ್ಣೆ ಬಿಡುತ್ತಿದ್ದ.

"ಏನ್ಲೇ ಸಣ್ಣಿ, ಕರೀದೇನೇ ಬಂದ್ಬುಟ್ಟೆ? ಎರಿಗೆ ಇಲ್ಲಲ್ಲ ಕಣೆ ಈ ಸಲ."

"ಅದ್ಕಲ್ಲ ಗೌಡ್ತವ್ವ. ಆ ಪುಸ್ತಕದಾಗೆ ನಂದೊಂದು ಚೀಟಿ ಉಳ್ಕಂಡೈತೆ. ಮೇಷ್ಟ್ರು ತಕ್ಕ ಅಂದ್ರು." ಸುಳ್ಳು ಸಲೀಸಾಗಿ ಬಂತು. ಬಾಯಿಗೆ ಸರಸ್ವತಿಯ ಕಾವಲಿರಲಿಲ್ಲ.

"ನೀನೂ ಓದೀಯಾ? ಓದು, ಓದು. ಇನ್ನೇನ್ ನಾಳೆ ಅಮಲ್ದಾರಿಕೆ ಮಾಡ್ಬೌದು" ಎಂದು ಪುಟ್ಟತಾಯಮ್ಮ ಕುಲುಕುಲು ನಕ್ಕಳು.

ದನಿ ಕೇಳಿ ನಂಜಮ್ಮ ಒಳಗಿನಿಂದ ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಅದೇ ಪುಸ್ತಕ, ನಡುವೆ ಬೆರಳು.

"ಇದಾ ಸಣ್ಣಕ್ಕ? ನಾನಿನ್ನೂ ಅರ್ಧ ಓದಿವ್ನಿ. ಬೇಗ ನೋಡ್ಬುಟ್ಟು ಕೊಡು, ಗಾಡೀಲಿ ಓದ್ಕಂಡ್ ಓಯ್ತೀನಿ" ಎಂದು ನಂಜಮ್ಮ ಪುಸ್ತಕವನ್ನು ಮೆಟ್ಟಿಲ ಕಲ್ಲಿನ ಮೇಲಿಟ್ಟು ಹಿಂದೆ ಸರಿದಳು. ಆ ಮನೆಯಲ್ಲಿ ಅವಳನ್ನು ಸಣ್ಣಕ್ಕ ಎನ್ನುತ್ತಿದ್ದದ್ದು ನಂಜಮ್ಮ ಒಬ್ಬಳೇ, ಉಳಿದವರಿಗೆಲ್ಲ ಅವಳು ಸಣ್ಣಿ.

ಸಣ್ಣಕ್ಕ ಪುಸ್ತಕ ಎತ್ತಿಕೊಂಡಳು. ಕೊನೇ ಹಾಳೆ ಬೆರಳಿಗೆ ಸಿಕ್ಕಿತು. ಬೆನ್ನ ಹಿಂದೆ ಮುದ್ದಮ್ಮನ ಉಸಿರು ಕೇಳುತ್ತಿತ್ತು. ಒಂದೆಳೆತ, ಮುಗಿದುಹೋಗುತ್ತಿತ್ತು. ಅದಕ್ಕೂ ಮೊದಲು ಇನ್ನೊಂದು ಕೆಲಸವಿತ್ತಲ್ಲ.

"ನಂಜವ್ವ, ಅಲ್ಲಿ ಬಳ್ಳಿ ಕುಯ್ಯೋಳ್ಗೆ ಕುಡ್ಲು ಕುದುಸ್ಕಂಡ್ ಬಾ ಅನ್ನವ್ವ. ಬೂದಿ ಅಚ್ಬಾರ್ದು ಅನ್ನು."

"ಕುಡ್ಲೇನ್ ಉಳ್ಳೀಕಾಳೇನೆ ಕುದ್ಸಕ್ಕೆ!" ಎಂದು ಪುಟ್ಟತಾಯಮ್ಮ ಎಲೆ ಬಾಯಿಗಿಟ್ಟುಕೊಂಡಳು. "ತಾಯಿ ಒಟ್ಟೇಲೇ ಕೆಡುಕಿದ್ರೆ ಕುಡ್ಲು ಏನ್ ಮಾಡಾತು? ಮೂರ್ ನುಂಗ್ದೋಳು. ನಾಕ್ನೇದು ಅವ್ರಪ್ಪನ ಮನೇಲೇ ನುಂಗ್ಲಿ."

ನಂಜಮ್ಮ ತಲೆ ತಗ್ಗಿಸಿ, ಹೊಟ್ಟೆಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದಳು, ತನ್ನ ಕೈ ಸೋಕಿದರೂ ಒಳಗಿನ ಕೂಸಿಗೆ ಕೇಡಾದೀತು ಎಂಬಂತೆ. ಅವಳೂ ಅದನ್ನು ನಂಬಿಬಿಟ್ಟಿದ್ದಳು. ಅದನ್ನು ಸಣ್ಣಕ್ಕನಿಗೆ ನೋಡಲಾಗಲಿಲ್ಲ. ಹೆದರಿಕೆ ಹೋಗಲಿಲ್ಲ. ಆದರೆ ಹಾಳೆ ಹರಿಯಬೇಕಾದ ಬೆರಳು ಮೊದಲ ಅಕ್ಷರದ ಕೆಳಗೆ ಹೋಗಿ ನಿಂತಿತು. ಮಾರಮ್ಮನ ಗುಡಿ ಮುಂದೆ ಪಾಠ ಒಪ್ಪಿಸುವ ಹಾಗೆ ಅವಳು ಬಿಡಿಬಿಡಿಯಾಗಿ, ಗಟ್ಟಿಯಾಗಿ ಓದತೊಡಗಿದಳು.

"ಸಣ್ಣಕ್ಕ. ಮಾರನಕೊಪ್ಪಲು. ಈ ಪುಸ್ತಕ ನಿಜ. ನಂಜಮ್ಮನ ಮೂರು ಕೂಸು ನನ್ನ ಕೈಯಿಂದ ಸತ್ತವು. ನಾನು ಕುಡುಗೋಲು ತೊಳೆಯಲಿಲ್ಲ. ಬೂದಿ ಮೆತ್ತಿದೆ. ಅವಳ ತಪ್ಪು ಇಲ್ಲ."

ಅಲ್ಲಿಗೆ ಬೆರಳು ನಿಂತಿತು. ಇನ್ನೊಂದು ಸಾಲಿತ್ತು. ಮುದ್ದಮ್ಮ ಹಿಂದೆಯೇ ನಿಂತಿದ್ದಳು. ಬಿಟ್ಟುಬಿಡಬಹುದಿತ್ತು, ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸಣ್ಣಕ್ಕ ಅದನ್ನೂ ಓದಿದಳು.

"ನನ್ನ ಮಗಳು ಮುದ್ದಮ್ಮನ ಗಂಡು ಕೂಸನ್ನೂ ನಾನೇ ಕೊಂದೆ."

ಗಾಡಿಯ ಹತ್ತಿರ ಎಣ್ಣೆಯ ಕುಡಿಕೆ ಕೆಳಗೆ ಬಿತ್ತು. ಪುಟ್ಟತಾಯಮ್ಮನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಕೂಗಿದ್ದನ್ನು ಇಲ್ಲಿ ಬರೆಯುವುದು ಬೇಡ. ಪಕ್ಕದಲ್ಲಿದ್ದ ಹಿತ್ತಾಳೆ ಚೊಂಬು ಹಾರಿ ಬಂದು ಸಣ್ಣಕ್ಕನ ಹುಬ್ಬಿನ ಮೇಲೆ ಬಡಿಯಿತು. ಪುಟ್ಟಸ್ವಾಮಿ ಬಾರುಕೋಲು ಹಿಡಿದು ಬಂದವನು ಎರಡು ಮಾರು ದೂರದಲ್ಲಿ ನಿಂತುಬಿಟ್ಟ. ಯಾಕೆಂದರೆ ಅಷ್ಟರಲ್ಲಿ ನಂಜಮ್ಮ ತುಂಬಿದ ಹೊಟ್ಟೆ ಹೊತ್ತು ಜಗಲಿ ಇಳಿದು ಬಂದಿದ್ದಳು. ಕಲ್ಲಿನ ಮೇಲೆ ಇಡು ಎನ್ನಲಿಲ್ಲ. ಸಣ್ಣಕ್ಕನ ಕೈಯಿಂದಲೇ ಪುಸ್ತಕ ತೆಗೆದುಕೊಂಡು, ಆ ಹಾಳೆಯನ್ನು ಒಂದು ಸಲ, ಇನ್ನೊಂದು ಸಲ ಓದಿದಳು.

"ಅತ್ತೆ," ಎಂದಳು. ದನಿ ಅವಳದೆಂದು ಯಾರಿಗೂ ಅನ್ನಿಸಲಿಲ್ಲ. "ಅಂಗಾರೆ ನನ್ ಒಟ್ಟೇಲೇನೂ ಕೆಡುಕಿರ್ನಿಲ್ಲ."

ನಂಜಮ್ಮ ಸಣ್ಣಕ್ಕನ ಕಡೆ ತಿರುಗಿದಳು. ಹುಬ್ಬಿನಿಂದ ರಕ್ತ ಇಳಿಯುತ್ತಿದ್ದದ್ದನ್ನು ನೋಡಿದಳೋ ಇಲ್ಲವೋ.

"ಓಗು. ನನ್ ಕಣ್ ಮುಂದೆ ನಿಂತ್ಕಬ್ಯಾಡ, ಓಗು."

ಸಣ್ಣಕ್ಕ ತಿರುಗಿ ನೋಡಿದಾಗ ಮುದ್ದಮ್ಮ ಅಲ್ಲಿರಲಿಲ್ಲ. ಅವಳು ಆಗಲೇ ಹುಣಿಸೆಮರ ದಾಟಿದ್ದಳು.

ಮಾರನೇ ದಿನ ಗಾಡಿ ಹೊರಟಿತು. ಗುಡಿಸಲು ಕೀಳಿಸಲು ಯಾರೂ ಬರಲಿಲ್ಲ, ಬರುತ್ತಾರೆ ಎಂಬ ಹೆದರಿಕೆ ಮಾತ್ರ ದಿನವೂ ಬಂದು ಕೂತು ಹೋಗುತ್ತಿತ್ತು. ಬೋರಪ್ಪನನ್ನು ಕೆಲಸ ಬಿಡಿಸಿದರು. ಅವನು ಅತ್ತೆಯ ಮುಖ ನೋಡದೆ ಕಂಬಳಿ ಹೆಗಲಿಗೆ ಹಾಕಿಕೊಂಡು ಅರಕಲಗೂಡಿನ ಹೊಗೆಸೊಪ್ಪಿನ ಹೊಲಗಳಿಗೆ ಕೂಲಿಗೆ ಹೋದ. ಮುದ್ದಮ್ಮ ಅಡಿಗೆ ಮಾಡಿ ತಾಯಿಯ ಮುಂದೆ ತಣಿಗೆ ಇಟ್ಟು ಹೋಗುತ್ತಿದ್ದಳು, ಮಾತಿಲ್ಲ. ಬೈದಿದ್ದರೆ, ಹೊಡೆದಿದ್ದರೆ ಸಣ್ಣಕ್ಕ ತಡೆದುಕೊಳ್ಳುತ್ತಿದ್ದಳು. ಕೇರಿಯ ಹೆಂಗಸರು ನೀರಿಗೆ ಹೋಗುವಾಗ ಅವಳ ಗುಡಿಸಲ ಮುಂದಿನ ದಾರಿ ಬಿಟ್ಟರು. ತಮ್ಮಯ್ಯನ ಹೆಂಡತಿ ಮಾದಮ್ಮ ತುಂಬಿದ ಬಸುರಿ. "ಒಬ್ಳೇ ಎತ್ಕತೀನಿ, ಅವಳ್ನ ಮಾತ್ರ ಕರೀಬ್ಯಾಡಿ" ಎಂದಳಂತೆ.

ಸಣ್ಣಕ್ಕ ಒಂದು ದಿನ ಕುಡುಗೋಲನ್ನು ಮಡಕೆಗೆ ಹಾಕಿ ಕುದಿಸಿದಳು. ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತು. ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದಳೋ ಅವಳಿಗೇ ತಿಳಿಯದು.

ಮೇಷ್ಟ್ರು ಬಂದು, "ನಾನು ಒಂದು ಸಲ ತೆಗೆದು ನೋಡಬೇಕಿತ್ತು ಸಣ್ಣಕ್ಕ" ಎಂದು ಪೇಚಾಡಿಕೊಂಡರು. ಪೆಟ್ಟಿಗೆ ಹೊಳೆನರಸೀಪುರಕ್ಕೆ ಹೊರಡುವಾಗ ಒಂದು ಪುಸ್ತಕ ಕಡಿಮೆ ಬಂತೆಂದೂ ಹೇಳಿದರು. ಯಾವುದೆಂದು ಸಣ್ಣಕ್ಕ ಕೇಳಲಿಲ್ಲ. ಆದರೆ ಅವತ್ತಿನಿಂದ ಅವಳಿಗೆ ಇನ್ನೊಂದು ಹಿಂಸೆ ಶುರುವಾಯಿತು. ಪುಸ್ತಕ ನಂಜಮ್ಮನ ಜೊತೆ ಹೋಗಿದೆ. ಹೋದರೇನು, ಹಸಿ ಬಾಣಂತಿಯ ಮಾತು ಯಾರು ಕೇಳುತ್ತಾರೆ? ಹೆರಿಗೆ ಆಯಿತೋ ಇಲ್ಲವೋ? ಆಗಿದ್ದರೆ ಇವತ್ತಿಗೆ ಎಷ್ಟನೇ ದಿನ? ಮೂರೋ, ಎಂಟೋ? ಕೂತಲ್ಲಿ ನಿಂತಲ್ಲಿ ಅವಳ ದವಡೆಯೇ ಬಿಗಿದುಕೊಳ್ಳುತ್ತಿತ್ತು. ಊರಲ್ಲಿ ಯಾರನ್ನೂ ಕೇಳುವಂತಿರಲಿಲ್ಲ. ಕೆಂಪಣ್ಣನ ಮನೆಯ ಕಡೆಯಿಂದ ಅಳುವ ದನಿ ಬರುತ್ತದೆಯೇ ಎಂದು ಕಿವಿಗೊಟ್ಟು, ಬಾರದಿದ್ದರೆ ಅದಕ್ಕೂ ಹೆದರಿ, ಹೀಗೆ ಒಂದು ತಿಂಗಳು ಕಳೆಯಿತು.

ಕಟ್ಟಾಯದ ಅಂಚೆಯವನು ಕೇರಿಗೆ ಬಂದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅವತ್ತು ಬಂದವನೂ ಚಪ್ಪಡಿಯ ಆಚೆಯೇ ನಿಂತು, "ಸೂಲಗಿತ್ತಿ ಸಣ್ಣಕ್ಕ ಯಾರಮ್ಮಾ?" ಎಂದು ಕೂಗಿದ. ಅವಳು ಚಪ್ಪಡಿಗೆ ಓಡಿ ಕಾರ್ಡು ಈಸಿಕೊಂಡಳು. ಅವನು, "ಓದಿ ಹೇಳಲಾ?" ಎಂದ. ಅವಳು ಬೇಡವೆಂದು ತಲೆಯಾಡಿಸಿ, ಗುಡಿಸಲ ಮುಂದೆ ಬಂದು ಕೂತು ಬೆರಳಿಟ್ಟಳು. ಮುದ್ದಮ್ಮ ಬಾಗಿಲಲ್ಲಿ ಸೊಪ್ಪು ಸೋಸುತ್ತಿದ್ದಳು. ಕೈ ನಿಲ್ಲಿಸಿದಳು, ಆದರೆ ಏನೆಂದು ಕೇಳಲಿಲ್ಲ. ಸಣ್ಣಕ್ಕ ಅವಳಿಗೆ ಕೇಳುವಂತೆಯೇ ಓದಿದಳು.

"ಸಣ್ಣಕ್ಕನಿಗೆ. ಹೆಣ್ಣು ಮಗು. ಇವತ್ತಿಗೆ ಹನ್ನೆರಡು ದಿನ. ಮೊಲೆ ಹಿಡಿಯುತ್ತಿದೆ. ಇಲ್ಲಿಯ ಸೂಲಗಿತ್ತಿ ನಕ್ಕಳು, ನೀನು ಬರೆದದ್ದನ್ನು ಓದಿ ಹೇಳಿದೆ, ನಗು ನಿಂತಿತು. ನನ್ನ ಅವ್ವ ಕುಡುಗೋಲು ಕುದಿಸಿದಳು. ನಾನು ಮಲಗಿದಲ್ಲಿಂದಲೇ ನೋಡುತ್ತಿದ್ದೆ. ಮೊದಲಿನ ಮೂರನ್ನು ನಾನು ಮರೆಯುವುದಿಲ್ಲ. ನಿನ್ನನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ. ಆದರೆ ನೀನು ಆ ಹಾಳೆ ಹರಿಯಲಿಲ್ಲ. ನಂಜಮ್ಮ."

ಓದಿ ಮುಗಿದ ಮೇಲೆ ಸಣ್ಣಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಹನ್ನೆರಡು ದಿನ ಎಂಬ ಕಡೆ ಬೆರಳಿಟ್ಟು ಅಳುತ್ತಲೇ ಇನ್ನೊಮ್ಮೆ ಓದಿದಳು. ಕ್ಷಮಿಸುವುದಿಲ್ಲ ಎಂಬುದು ಸರಿಯಾಗಿಯೇ ಇತ್ತು. ಅವಳು ಕೇಳಿಯೂ ಇರಲಿಲ್ಲ.

ಅದೇ ಮಧ್ಯಾಹ್ನ ತಮ್ಮಯ್ಯ ಬಂದು ಗುಡಿಸಲ ಮುಂದೆ ನಿಂತ. ಒಂದು ಕಾಲ ಮೇಲೆ ನಿಂತು ಇನ್ನೊಂದರಿಂದ ನೆಲ ಕೆರೆದ. ಮಾದಮ್ಮನಿಗೆ ಬೆಳಗ್ಗೆಯಿಂದ ನೋವಂತೆ, ಅವಳು ಬೇಡ ಎನ್ನುತ್ತಲೇ ಇದ್ದಾಳಂತೆ, ಆದರೆ ಇನ್ನು ತಡೆಯುವ ಹಾಗಿಲ್ಲವಂತೆ. "ಏನ್ ಮಾಡಾದು ಸಣ್ಣಕ್ಕ?" ಎಂದ. ಸಣ್ಣಕ್ಕ ಏಳಲಿಲ್ಲ. ಮಡಿಲಲ್ಲಿದ್ದ ಎರಡು ಕೈಯನ್ನೂ ನೋಡುತ್ತ ಕೂತಳು. ಇವನ್ನು ಇನ್ನೊಂದು ಕೂಸಿನ ಮೇಲೆ ಇಡಬಹುದೆಂದು ಹೇಳುವವರು ಯಾರು?

ಮುದ್ದಮ್ಮ ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದಳು. ಸೂರಿನಿಂದ ಕುಡುಗೋಲು ಎಳೆದಳು, ಮಡಕೆಗೆ ನೀರು ಸುರಿದು ಅದರೊಳಕ್ಕೆ ಹಾಕಿದಳು, ಒಲೆಗೆ ಒಣ ಸೌದೆ ಇಟ್ಟು ಊದಿದಳು. ಉರಿ ಹತ್ತಿದ ಮೇಲೆ ತಾಯಿಯ ಕಡೆ ನೋಡದೆ ಕೇಳಿದಳು. ಆ ತಿಂಗಳಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಎಷ್ಟೊತ್ತು ಕುದುಸ್ಬೇಕವ್ವ?"

ಪುಸ್ತಕದಲ್ಲಿ ಇಪ್ಪತ್ತು ನಿಮಿಷ ಎಂದಿತ್ತು. ಕೇರಿಯಲ್ಲಿ ಗಡಿಯಾರವಿರಲಿಲ್ಲ.

"ಒಂದ್ ಮಡ್ಕೆ ಅನ್ನ ಬೇಯೋ ಗಂಟ" ಎಂದು ಸಣ್ಣಕ್ಕ ಎದ್ದು, ಸೀಗೆಪುಡಿ ಹಾಕಿ ಮೊಣಕೈಯವರೆಗೂ ಕೈ ತೊಳೆಯತೊಡಗಿದಳು.